ಓಗೊಟ್ಟ ಪಾಲು

ದಿವಾ, ಮುಂಬೈ
12 ನವೆಂಬರ್ 1995

ತಮ್ಮ ಮಹಾದೇವಪ್ಪನಿಗೆ,

ನಿನ್ನ ಅಕ್ಕ ಸಾಬವ್ವ ಬರೆಯುವುದು. ಅಕ್ಷರ ನೋಡಿ ಯಾರದು ಅಂತ ಕಾಗದವನ್ನು ಹಿಂದೆ ಮುಂದೆ ತಿರುಗಿಸಬೇಡ, ನನ್ನದೇ. ಇಷ್ಟು ವರ್ಷ ನಮ್ಮ ಮನೆಯವರು, ನಿನ್ನ ಮಾವ, ಬರೆಯುತ್ತಿದ್ದರು, ನಾನು ಪಕ್ಕದಲ್ಲಿ ಕುಳಿತು ‘ಇದನ್ನೂ ಹಾಕ್ರಿ, ಅದನ್ನೂ ಹಾಕ್ರಿ’ ಅನ್ನುತ್ತಿದ್ದೆ. ಈಗ ನಾನೇ ಹಾಕಬೇಕು. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಆರಿಸಲು ಹೋಗುತ್ತೇನಲ್ಲ, ಅಲ್ಲಿ ಉಡುಪಿ ಕಡೆಯ ಭುಜಂಗಣ್ಣನ ಹೋಟೆಲು ಇದೆ. ವರ್ಷ ಮುಗಿದ ಮೇಲೆ ಗೋಡೆಯ ಕನ್ನಡ ಕ್ಯಾಲೆಂಡರು ನನಗೆ ಕೊಡುತ್ತಾನೆ. ‘ಮುಗಿದ ವರ್ಷ ಇಟ್ಕೊಂಡು ಎಂತ ಮಾಡ್ತೀರಿ ಮಾರಾಯ್ರೆ?’ ಅಂತ ನಗುತ್ತಾನೆ. ಅದರ ಮೇಲೆ ಬೆರಳಿಟ್ಟು ಓದುತ್ತ ಕಲಿತೆ. ಹಾಗಾಗಿ ವಾರಗಳ ಹೆಸರು ಮಾತ್ರ ತಪ್ಪುವುದಿಲ್ಲ. ಉಳಿದದ್ದು ತಪ್ಪಿದರೆ ನೀನೇ ತಿದ್ದಿಕೊಂಡು ಓದು.

ಶ್ರಾವಣದಲ್ಲಿ ನಿನ್ನ ಮಾವನನ್ನು ಮಣ್ಣು ಮಾಡಿದ ದಿನ ನೀನೂ ಚಂದ್ರಬಾಯಿಯೂ ಬಂದಿರಿ. ಬಂದವರು ಹೊರಗೆ ನೀರಿನ ಡ್ರಮ್ಮಿನ ಪಕ್ಕದಲ್ಲೇ ಕುಳಿತಿರಿ. ಮಗಳು ಭಾಗ್ಯಾ ತಂದಿಟ್ಟ ಚಹಾ ನೆಲದ ಮೇಲೆಯೇ ಆರಿತು. ನಾನು ಅಳುತ್ತಿದ್ದೆ, ಆದರೂ ಕಣ್ಣಿಗೆ ಕಂಡದ್ದು ಕಂಡಿತು. ಮಗಳು ಕೇಳದೆ ಹೇಳದೆ ಮದುವೆ ಮಾಡಿಕೊಂಡಳು ಅಂತ ನಿನಗೆ ಸಿಟ್ಟು. ಮಾಡಿಕೊಂಡವನು ಜೈಭೀಮ ಅಂತ ಇನ್ನೂ ಹೆಚ್ಚಿನ ಸಿಟ್ಟು. ಇರಲಿ.

ಆದರೆ ಒಂದು ಮಾತು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಜ್ವರ ತಲೆಗೇರಿದ ದಿನ ಓಣಿಯಲ್ಲಿ ಮೊಣಕಾಲುದ್ದ ನೀರು, ರಿಕ್ಷಾ ಬರಲಿಲ್ಲ. ಅಳಿಯ ಜೈಭೀಮ ನಿನ್ನ ಮಾವನನ್ನು ಬೆನ್ನ ಮೇಲೆ ಹೊತ್ತು, ಹಳಿ ದಾಟಿ, ಸ್ಟೇಷನ್ನಿನ ಆಚೆಯ ದವಾಖಾನೆಯ ತನಕ ನಡೆದ. ಕಲ್ಯಾಣದಲ್ಲಿ ದಿನವೂ ಚೀಲ ಹೊರುವ ಬೆನ್ನು ಅದು. ಅಂಥ ಹೊತ್ತಿನಲ್ಲೂ ಅವರು ಆ ಬೆನ್ನ ಮೇಲಿಂದ, ‘ಸಾವಕಾಶ ನಡಿಯಪಾ, ನಾ ಉಳ್ಳಾಗಡ್ಡಿ ಅಲ್ಲ’ ಅಂದರು. ಮೂವರೂ ನಕ್ಕೆವು. ಅದಾದ ಮೇಲೆ ಅವರು ನಗಿಸಲಿಲ್ಲ.

ಈಗ ಭಾಗ್ಯಾ ಬಸುರಿ. ಬೇಸಿಗೆಗೆ ದಿನ ತುಂಬುತ್ತವೆ.

ಅದಕ್ಕೇ ಕೇಳುತ್ತೇನೆ. ಯುಗಾದಿ ಬಂದರೆ ನೀವು ಹಂದಿ ಬೇಟೆಗೆ ಹೋಗುತ್ತೀರಿ. ನಿನ್ನ ಮಾವ ಮುಂಬೈಗೆ ಬಂದ ಮೇಲೂ ಅವರ ಭರ್ಚಿಯನ್ನು ನೀನು ನಿನ್ನ ಭರ್ಚಿಯ ಜೊತೆ ಹೆಗಲ ಮೇಲಿಟ್ಟುಕೊಂಡು ಹೋದೆ. ಭರ್ಚಿ ಬೇಟೆಗೆ ಬಂದರೆ ಆ ಮನೆಗೆ ಪಾಲು, ಮನುಷ್ಯ ಬರಲಿ ಬಿಡಲಿ. ಹನುಮಪ್ಪನ ಕಟ್ಟೆಯ ಮುಂದೆ ಮುತ್ತಲದ ಎಲೆಯ ಮೇಲೆ ಪಾಲು ಇಟ್ಟು ನೀನು ಅವರ ಹೆಸರು ಕೂಗುತ್ತಿದ್ದೆ, ನಮ್ಮ ಪರವಾಗಿ ಚಂದ್ರಬಾಯಿ ‘ಓ’ ಅಂದು ಎತ್ತಿಕೊಳ್ಳುತ್ತಿದ್ದಳು. ಒಣಗಿಸಿದ ಖಂಡ ಯಾರಾದರೂ ಯಾದಗಿರಿಯಲ್ಲಿ ರೈಲು ಹತ್ತುವವರ ಕೈಯಲ್ಲಿ ನಮ್ಮ ತನಕ ಬರುತ್ತಿತ್ತು. ಈ ವರ್ಷ ಆ ಭರ್ಚಿಯ ಪಾಲನ್ನು ಯಾರ ಹೆಸರಿಗೆ ಕೂಗುತ್ತೀ? ನಮ್ಮ ಮನೆಯಲ್ಲಿ ಈಗ ಇರುವ ಗಂಡಸು ಒಬ್ಬನೇ.

ತಿಳಿದು ಬರೆ.

ನಿನ್ನ ಅಕ್ಕ
ಸಾಬವ್ವ


ಎಮ್ಮಿಗುಡ್ಡ
3 ಡಿಸೆಂಬರ್ 1995

ಅಕ್ಕ ಸಾಬವ್ವಗೆ ಮಹಾದೇವಪ್ಪನ ನಮಸ್ಕಾರ.

ಕಾಗದ ಮುಟ್ಟಿತು. ನಿನ್ನ ಅಕ್ಷರ ದುಂಡಗಿದೆ, ನನ್ನದಕ್ಕಿಂತ ಚಂದ. ಭಾಗ್ಯಾಳ ಸುದ್ದಿ ಕೇಳಿ ಚಂದ್ರಬಾಯಿ ದೇವರ ಮುಂದೆ ದೀಪ ಹಚ್ಚಿದಳು.

ಮಾವ ಯಂಕಪ್ಪನ ಭರ್ಚಿ ಪಡಸಾಲೆಯಲ್ಲಿ ಗೂಟದ ಮೇಲೆ ಇದೆ, ಯಾರೂ ಮುಟ್ಟಿಲ್ಲ. ನೀನು ಕೇಳಿದ್ದು ಆಗುವ ಮಾತಲ್ಲ ಅಕ್ಕಾ. ನಾವು ಬೇಡರು, ಅವನು ಹೊರಕೇರಿಯವನು. ಬೇಟೆ ನನ್ನೊಬ್ಬನದಲ್ಲ, ಇಡೀ ಓಣಿಯದು. ಹಿರಿಯ ಅಂತ ಕೂಗುವ ಕೆಲಸ ನನಗೆ ಬಿಟ್ಟಿದ್ದಾರೆ, ಅಷ್ಟೇ. ದೊಡ್ಡಪ್ಪನ ಮಗ ತಿಪ್ಪಣ್ಣ ಈಗಿನಿಂದಲೇ ‘ಅಕ್ಕನ ಮನಿ ಪಾಲು ಈ ಸಲ ಯಾವ ಕೇರಿಗೆ ಹೊಂಟೈತಿ?’ ಅಂತ ಕೆಣಕುತ್ತಿದ್ದಾನೆ.

ಇನ್ನೊಂದು. ಅದು ಹೆಸರಾದರೂ ಹೆಸರಿನ ಹಾಗೆ ಇದೆಯೆ? ಹನುಮಪ್ಪನ ಕಟ್ಟೆಯ ಮುಂದೆ ನಿಂತು ನಾನು ‘ಜೈಭೀಮ’ ಅಂತ ಕೂಗಿದರೆ, ಪಾಲು ಕರೆದ ಹಾಗೆ ಕೇಳುತ್ತದೆಯೋ ಮೋರ್ಚಾ ಕರೆದ ಹಾಗೆ ಕೇಳುತ್ತದೆಯೋ, ನೀನೇ ಹೇಳು.

ಬಸುರಿ ಪಾಲು ಕೂಗುತ್ತೇನೆ. ಹೊಟ್ಟೆಯಲ್ಲಿರುವ ಕೂಸಿಗೆ ತವರು ಕೊಡುವ ಪಾಲು ಅದು, ಯಾರೂ ಬೇಡ ಅನ್ನುವುದಿಲ್ಲ. ಕೂಸಿಗೆ ಇನ್ನೂ ಹೆಸರೂ ಇಲ್ಲ, ಕೇರಿಯೂ ಇಲ್ಲ. ಇದರಲ್ಲಿ ಸಮಾಧಾನ ಮಾಡಿಕೊ.

ನಿನ್ನ ತಮ್ಮ
ಮಹಾದೇವಪ್ಪ


ದಿವಾ
7 ಜನವರಿ 1996

ತಮ್ಮ ಮಹಾದೇವಪ್ಪನಿಗೆ ಅಕ್ಕನ ಆಶೀರ್ವಾದ.

ಒಂದು ತಿಂಗಳು ಬರೆಯಲಿಲ್ಲ. ಸಿಟ್ಟಿನಲ್ಲಿ ಬರೆದರೆ ನನ್ನ ಅಕ್ಷರ ದುಂಡಗೆ ಬರುವುದಿಲ್ಲ.

ಹೆಸರಿನ ಮಾತು ಬರೆದೆಯಲ್ಲ, ನಿಜ. ಇಲ್ಲೂ ಅದೇ ಗೋಳು. ಭಾಗ್ಯಾ ಗಂಡನ ಹೆಸರು ಹೇಳುವವಳಲ್ಲ, ನಮ್ಮ ಹಾಗೆಯೇ ಬೆಳೆದವಳು. ಹಾಗಾಗಿ ಕರೆಯುವ ಕೆಲಸ ನನ್ನದು. ಬಾಗಿಲಲ್ಲಿ ನಿಂತು ‘ಜೈಭೀಮಾ!’ ಅಂತ ಕೂಗಿದರೆ ಓಣಿಯಲ್ಲಿ ಹೋಗುವವರೆಲ್ಲ ‘ಜೈಭೀಮ, ಮಾವಶಿ!’ ಅಂತ ಕೈ ಎತ್ತಿ ಹೋಗುತ್ತಾರೆ. ಅಳಿಯ ಒಬ್ಬ ಬಿಟ್ಟು ಉಳಿದವರೆಲ್ಲ ಓಗೊಡುತ್ತಾರೆ. ಇನ್ನು ಭಾಗ್ಯಾಳ ಪಾಡು ಕೇಳು. ನೆರೆಯವರು ಬಂದು ‘ಜೈಭೀಮ, ಭಾಗ್ಯಾ’ ಅಂದರೆ ತಿರುಗಿ ಅದನ್ನೇ ಅನ್ನಬೇಕು. ಅಂದರೆ ಗಂಡನ ಹೆಸರು ಹೇಳಿದ ಹಾಗಾಯಿತು! ಸೆರಗು ಬಾಯಿಗಿಟ್ಟು ‘ಹಾಂ ಹಾಂ, ನಮಸ್ಕಾರ’ ಅನ್ನುತ್ತಾಳೆ. ಓಣಿಯವರೆಲ್ಲ ಬೇಕೆಂದೇ ದಿನಕ್ಕೆ ನಾಲ್ಕು ಸಲ ಅಂದು ಹೋಗುತ್ತಾರೆ.

ನಗು ಬಂತೇ? ಬಂದಿದ್ದರೆ ಮುಂದಿನದನ್ನೂ ಓದು.

ಬಸುರಿ ಪಾಲು ನನಗೆ ಬೇಡ ಅನ್ನುವುದಿಲ್ಲ. ಆದರೆ ಕೂಸಿಗೆ ಪಾಲು ಇಟ್ಟು, ಕೂಸಿನ ಅಪ್ಪನನ್ನು ಬಿಟ್ಟರೆ ಆ ತುತ್ತು ಭಾಗ್ಯಾಳ ಗಂಟಲಲ್ಲಿ ಹೇಗೆ ಇಳಿಯಬೇಕು? ನಮ್ಮ ಬೇಟೆಯಲ್ಲಿ ನಾಯಿಗೂ ಪಾಲು ಉಂಟು. ಬರೀ ಪಾಲಲ್ಲ, ‘ಕಾಳ್ಯಾ!’ ಅಂತ ಹೆಸರು ಹಿಡಿದು ಕೂಗುತ್ತೀ. ಅದು ಬಾಲ ಅಲ್ಲಾಡಿಸಿದರೆ ಓಗೊಟ್ಟ ಹಾಗೆ ಅಂತ ಎಲ್ಲರೂ ನಗುತ್ತೀರಿ. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ನಾನು ನಿನಗೆ ಬರೆದದ್ದು ಜೈಭೀಮನಿಗೆ ತಿಳಿಯಿತು. ಅವನು ಸಿಟ್ಟಾಗಲಿಲ್ಲ. ಚೀಲದ ಧೂಳು ಕೊಡವಿಕೊಂಡು ಹೊಸ್ತಿಲ ಮೇಲೆ ಕುಳಿತ. ‘ಅತ್ತೀ, ನಮ್ಮಪ್ಪ ನಮ್ಮೂರಾಗ ಬ್ಯಾಟಿಗಿ ಹಲಗಿ ಬಾರಿಸ್ಕೋತ ಮುಂದ ಹೋಗ್ತಿದ್ದ. ಹಲಗಿ ಸಪ್ಪಳಕ್ಕ ಹಂದಿ ಹೊರಗ ಬರ್ತಿತ್ತು. ಪಾಲು ಹಂಚೂ ಮುಂದ ನಮ್ಮವ್ರದ್ದು ದೂರ ಗಿಡದ ಬುಡಕ್ಕ ಇಡ್ತಿದ್ರು. ಹೆಸರಿಲ್ಲ, ಏನಿಲ್ಲ. ಹಲಗಿ ಪಾಲು, ಅಷ್ಟ. ನಮ್ಮಪ್ಪ ಅದಕ್ಕ ನನಗ ಈ ಹೆಸರಿಟ್ಟ. ಕರದವ್ರ ಬಾಯಾಗ ಮೊದಲು ಮರ್ಯಾದಿ ಬರಬೇಕು ಅಂತ. ನೀವು ಅದನ್ನ ಯಾರ ಹಂತ್ಯಾಕೂ ಬೇಡಬ್ಯಾಡ್ರಿ. ಕೂಗಿದ್ರ ಕೂಗ್ಲಿ, ಇಲ್ಲಂದ್ರ ಬಿಡ್ಲಿ’ ಅಂದ.

ಹಾಗಾಗಿ ಇದು ಬೇಡುವ ಕಾಗದ ಅಲ್ಲ ತಮ್ಮಾ. ಇನ್ನು ಈ ಮಾತನ್ನು ನಾನು ಎತ್ತುವುದಿಲ್ಲ. ನೀನು ಆ ಹೆಸರು ಕೂಗಿದರೆ ನನಗೆ ತವರು ಇದೆ ಅಂತ ತಿಳಿಯುತ್ತೇನೆ. ಕೂಗದಿದ್ದರೆ ನೀನು ನನ್ನ ತಮ್ಮ ಅಲ್ಲ ಅಂತೇನೂ ಅನ್ನುವುದಿಲ್ಲ. ಯುಗಾದಿ ಬಂದಾಗ ಯಾದಗಿರಿ ಕಡೆಯಿಂದ ಬರುವವರನ್ನು ಕಾಯುವುದನ್ನು ಮಾತ್ರ ಬಿಡುತ್ತೇನೆ.

ನಿನ್ನ ಕಾಲಿಗೆ ಬಾವು ಬಂದಿತ್ತು ಅಂತ, ಊರಿಗೂ ಇಲ್ಲಿಗೂ ಓಡಾಡುವ ವಿಠಲನಿಂದ ಕೇಳಿದೆ. ಎಕ್ಕೆ ಎಲೆ ಕಾಸಿ ಕಟ್ಟು.

ಅಕ್ಕ
ಸಾಬವ್ವ


ಎಮ್ಮಿಗುಡ್ಡ
20 ಫೆಬ್ರವರಿ 1996
(ಕಾರ್ಡು)

ಅಕ್ಕಾ,

ನೀನು ಬರೆದದ್ದನ್ನು ಚಂದ್ರಬಾಯಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುವುದನ್ನು ಅವಳು ನಿಲ್ಲಿಸಲಿಲ್ಲ. ಕಾಲು ಗುಣವಾಗಿದೆ. ಭರ್ಚಿಗೆ ತುಕ್ಕು ಹಿಡಿದಿತ್ತು, ಉಜ್ಜಿ ಎಣ್ಣೆ ಹಚ್ಚಿ ಮತ್ತೆ ಗೂಟಕ್ಕೆ ಇಟ್ಟೆ.

ಮಹಾದೇವಪ್ಪ


ಎಮ್ಮಿಗುಡ್ಡ
27 ಮಾರ್ಚ್ 1996

ಅಕ್ಕ ಸಾಬವ್ವಗೆ ತಮ್ಮ ಮಹಾದೇವಪ್ಪನ ನಮಸ್ಕಾರ.

ಬೇಟೆ ಆಯಿತು. ಹೇಗಾಯಿತು ಅಂತ ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದ ತಿಳಿಯಲಿ ಅಂತ ಬರೆಯುತ್ತೇನೆ.

ಯುಗಾದಿ ಮುಗಿದ ಮರುದಿನ ಹೊರಟೆವು. ಬೇಟೆ ಆಡಬಾರದು ಅಂತ ಕಾಯ್ದೆ ಬಂದಾಗಿನಿಂದ ಊರೊಳಗೆ ಹಲಗೆ ಬಾರಿಸುವುದಿಲ್ಲ, ಗುಡ್ಡದ ಓರೆ ದಾಟಿದ ಮೇಲೆಯೇ. ಹಲಗೆ ಬಾರಿಸುವ ಹೊರಕೇರಿಯ ಮರೆಪ್ಪನೂ ಅವನ ಕಡೆಯ ಹುಡುಗರೂ ಬಂದಿದ್ದರು. ಮಾವನ ಭರ್ಚಿಯನ್ನು ಗೂಟದಿಂದ ಇಳಿಸಿಕೊಂಡೆ. ನಿಜ ಹೇಳುತ್ತೇನೆ, ಸುಮ್ಮನೆ ಹೊತ್ತುಕೊಂಡು ಹೋಗಿ ಸುಮ್ಮನೆ ತರೋಣ, ಕೂಗುವ ಹೊತ್ತಿಗೆ ಬಸುರಿ ಪಾಲು ಕೂಗಿ ಮುಗಿಸೋಣ ಅಂತ ಇದ್ದೆ. ತಿಪ್ಪಣ್ಣ ಎರಡು ಭರ್ಚಿ ನೋಡಿ ಮುಂದೆ ನಡೆದ.

ಬಿಸಿಲು ಏರುವ ತನಕ ಏನೂ ಸಿಗಲಿಲ್ಲ. ಹಳ್ಳದ ಜಾಲಿಯಲ್ಲಿ ಕಾಳ್ಯಾ ವಾಸನೆ ಹಿಡಿಯಿತು. ಮರೆಪ್ಪ ಅತ್ತ ಕಡೆಯಿಂದ ಹಲಗೆ ಬಾರಿಸುತ್ತ ಬಂದ, ಸಪ್ಪಳ ಹತ್ತಿರವಾದ ಹಾಗೆ ಜಾಲಿ ಅಲ್ಲಾಡಿತು. ಒಂಟಿ ಹಂದಿ ಅಕ್ಕಾ. ಶೇಂಗಾ ಹೊಲ ಎಲ್ಲ ಉತ್ತಿ ಹಾಕಿತ್ತಲ್ಲ, ಅದೇ. ಕೋರೆ ಎರಡೂ ಬೆಳ್ಳಗೆ, ಬೆನ್ನ ಮೇಲಿನ ಕೂದಲು ನೆಟ್ಟಗೆ. ನೇರ ನನ್ನ ಮೇಲೆಯೇ ಬಂತು. ನನ್ನ ಭರ್ಚಿ ಎಸೆದೆ, ಹೆಗಲು ಸವರಿ ಕಲ್ಲಿಗೆ ಬಡಿಯಿತು. ಕೈಯಲ್ಲಿ ಉಳಿದದ್ದು ಮಾವನದು. ಎಸೆಯಲು ಜಾಗ ಇರಲಿಲ್ಲ, ಊರಿ ಹಿಡಿದು ನಿಂತೆ. ಅದರ ಭಾರಕ್ಕೆ ನಾನೂ ಉರುಳಿದೆ. ಎದ್ದು ನೋಡಿದರೆ ಹಿಡಿ ಮುರಿದಿತ್ತು, ಅಲಗು ಎದೆಯೊಳಗೆ ಇತ್ತು. ಕಾಳ್ಯಾ ಹಂದಿಯ ಕಿವಿ ಬಿಡಲೇ ಇಲ್ಲ.

ಈಗ ನಿನಗೆ ಗೊತ್ತಾಯಿತಲ್ಲ. ಕೆಡವಿದ ಭರ್ಚಿಯ ಪಾಲನ್ನು ಎಲ್ಲಕ್ಕಿಂತ ಮೊದಲು ಕೂಗಬೇಕು. ಅದಾಗದೆ ಉಳಿದ ಯಾವ ಎಲೆಯನ್ನೂ ಯಾರೂ ಮುಟ್ಟುವಂತಿಲ್ಲ.

ಕಟ್ಟೆಯ ಮುಂದೆ ಎಲೆ ಹಾಸಿದರು, ಪಾಲು ಇಟ್ಟರು. ಹೆಂಗಸರು, ಮಕ್ಕಳು ಎಲ್ಲ ಬಂದು ನಿಂತರು. ತಿಪ್ಪಣ್ಣನೇ ಮೊದಲು ದಾರಿ ತೋರಿಸಿದ. ‘ಹೊತ್ತವ ನೀನು, ಹೊಡದವ ನೀನು. ನಿನ್ನ ಹೆಸರಿಗೇ ಕೂಗ್ಕೋ, ಮುಗೀತು’ ಅಂದ. ಕೂಗುವವನು ತನ್ನ ಹೆಸರು ತಾನು ಕೂಗಿ ತಾನೇ ಓ ಅನ್ನುವುದು ಎಲ್ಲಿಯಾದರೂ ಉಂಟೆ? ‘ಹಂಗಾದ್ರ ಯಂಕಪ್ಪನ ಹೆಸರಿಗೆ ಕೂಗು’ ಅಂತ ಇನ್ನೊಬ್ಬರು ಅಂದರು. ನನ್ನ ಬಾಯಿಂದ ಬಂದುಬಿಟ್ಟಿತು: ‘ಸತ್ತವ್ರು ಓಗೊಡೂದಿಲ್ರೀ.’

ಆ ಮಾತು ಆಡಿದ ಮೇಲೆ ನನಗೆ ಹಿಂದಕ್ಕೆ ಸರಿಯಲು ದಾರಿ ಇರಲಿಲ್ಲ. ಬೆನ್ನ ಮೇಲೆ ಹೊತ್ತ ಸಂಗತಿ ನೀನು ಬರೆದಿದ್ದೆಯಲ್ಲ, ಅದು ನೆನಪಾಯಿತು. ಮುರಿದ ಹಿಡಿ ಇನ್ನೂ ನನ್ನ ಕೈಯಲ್ಲೇ ಇತ್ತು.

ಮೊದಲ ಸಲ ಕೂಗಿದಾಗ ಧ್ವನಿ ನನಗೇ ಕೇಳಿಸಲಿಲ್ಲ. ಚಂದ್ರಬಾಯಿಯನ್ನು ನೋಡಿದೆ. ಆಕೆ ನೆಲ ನೋಡುತ್ತಿದ್ದಳು. ಎರಡನೆಯ ಸಲ ಕೂಗಿದೆ. ಒಂದು ಕೂಸು ಕೆಮ್ಮಿತು, ಅಷ್ಟೇ. ಮೂರನೆಯ ಕೂಗಿಗೂ ಯಾರೂ ಓ ಅನ್ನದಿದ್ದರೆ ಆ ಪಾಲು ನಾಯಿಗೆ. ತಿಪ್ಪಣ್ಣ ಆಗಲೇ ಕಾಳ್ಯಾನ ಹಗ್ಗ ಸಡಿಲ ಮಾಡಿದ್ದ. ನನಗೆ ರೋಷ ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ. ಎದೆ ತುಂಬ ಉಸಿರು ಎಳೆದುಕೊಂಡು ‘ಜೈಭೀಮ!’ ಅಂತ ಕೂಗಿದೆ. ಗುಡ್ಡಕ್ಕೆ ಕೇಳಬೇಕು, ಹಾಗೆ.

ದೂರದ ಬೇವಿನ ಗಿಡದ ಕೆಳಗಿಂದ, ಮರೆಪ್ಪ ಮತ್ತು ಅವನ ಕಡೆಯ ಅಷ್ಟೂ ಮಂದಿ ಎದ್ದು ನಿಂತು ಒಂದೇ ಬಾಯಲ್ಲಿ, ‘ಜೈಭೀಮ!’

ನಾನು ಅವರಿಗೆ ನಮಸ್ಕಾರ ಮಾಡಿದೆ ಅಂತ ತಿಳಿದಿದ್ದಾರೆ ಅಕ್ಕಾ. ಇಷ್ಟು ವರ್ಷದಲ್ಲಿ ಮೊದಲ ಸಲ ಕಟ್ಟೆಯ ಕಡೆಯಿಂದ ತಮಗೆ ನಮಸ್ಕಾರ ಬಂತು ಅಂತ, ಮರ್ಯಾದೆಗೆ ಮರ್ಯಾದೆ ಕೊಟ್ಟಿದ್ದಾರೆ. ಎಲ್ಲರೂ ತಿರುಗಿ ನೋಡಿದಾಗ ಮರೆಪ್ಪ ಗಾಬರಿಯಾದ. ‘ನಾಯಕ್ರ, ನೀವು ಅಂದ್ರಿ ಅಂತ ನಾವೂ ಅಂದ್ವಿ. ತಪ್ಪಾತೇನ್ರಿ?’

‘ತಪ್ಪಿಲ್ಲ. ಪಾಲಿಗೆ ಓಗೊಟ್ರಿ, ಪಾಲು ನಿಂತಿತು’ ಅಂದೆ.

ತಿಪ್ಪಣ್ಣ ಎದ್ದ. ‘ಹಲಗ್ಯಾವ್ರು ಓ ಅಂದ್ರ ನಡೀತದೇನು?’

‘ಯಾರರ ಒಬ್ರು ಓಗೊಡಬೇಕು ಅಂತ ಐತಿ ತಿಪ್ಪಣ್ಣ. ಯಾರು ಅಂತ ಎಲ್ಲಿ ಐತಿ?’

ಆಗ ಚಂದ್ರಬಾಯಿ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಎಲೆಯ ನಾಲ್ಕೂ ತುದಿ ಕೂಡಿಸಿ ಎತ್ತಿ, ಸೆರಗಿನಲ್ಲಿ ಇಟ್ಟುಕೊಂಡು, ‘ಇನ್ನ ಬಸರಿ ಪಾಲು ಕೂಗ್ರಿ, ಯಾಕ್ ನಿಂತ್‌ಬಿಟ್ರಿ’ ಅಂತ ನನ್ನನ್ನೇ ಗದರಿದಳು. ಅದಕ್ಕೆ ಅವಳೇ ಓ ಅಂದಳು, ಜೋರಾಗಿ. ಹಲಗೆಯ ಪಾಲು ನಾವು ಎಂದೂ ಕೂಗಿಲ್ಲ, ನಿನಗೆ ಗೊತ್ತು. ಆ ದಿನ ಅದನ್ನೂ ಮರೆಪ್ಪನ ಹೆಸರು ಹಿಡಿದು ಕೂಗಿದೆ. ಅವನಿಗೆ ಓ ಅನ್ನಬೇಕು ಅಂತ ತಿಳಿಯದೆ ಮತ್ತೆ ‘ಜೈಭೀಮ’ ಅಂದ.

ತಿಪ್ಪಣ್ಣ, ಅವನ ಜೊತೆ ಇನ್ನೂ ಕೆಲವರು ತಮ್ಮ ಎಲೆ ಎತ್ತದೆ ಮನೆಗೆ ಹೋದರು. ಮುಂದಿನ ವರ್ಷ ಕೂಗುವವನು ನಾನಲ್ಲ ಅಂತ ಮಾತು ನಡೆದಿದೆ. ನನ್ನ ಹೆಸರನ್ನು ಕೂಗುತ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ಹಬ್ಬವಾಗಿ ಎಂಟು ದಿನ ಆಯಿತು, ನಮ್ಮ ಪಡಸಾಲೆಗೆ ಯಾರೂ ಬಂದು ಕುಳಿತಿಲ್ಲ. ಚಂದ್ರಬಾಯಿ ಮಾಳಿಗೆಯ ಮೇಲೆ ನಿಮ್ಮ ಖಂಡ ಒಣಗಿಸುತ್ತಿದ್ದಾಳೆ, ಕಾಗೆ ಕಾಯುತ್ತ ಕೋಲು ಹಿಡಿದು ಕುಳಿತಿದ್ದಾಳೆ.

ವಿಠಲನ ಕೈಯಲ್ಲಿ ಕಳಿಸುತ್ತೇವೆ. ಭರ್ಚಿಗೆ ಹೊಸ ಹಿಡಿ ಹಾಕಿಸಬೇಕು. ಎಷ್ಟು ಎತ್ತರದವನು ನಿನ್ನ ಅಳಿಯ? ತಿಳಿಸು.

ತಮ್ಮ
ಮಹಾದೇವಪ್ಪ


ದಿವಾ
16 ಏಪ್ರಿಲ್ 1996

ತಮ್ಮ ಮಹಾದೇವಪ್ಪನಿಗೂ, ಚಂದ್ರಬಾಯಿಗೂ,

ವಿಠಲ ಶನಿವಾರ ಕಲ್ಯಾಣದಲ್ಲಿ ಇಳಿದ. ಜೈಭೀಮನೇ ಹೋಗಿ ಕರೆತಂದ. ಲೋಕಲಿನಲ್ಲಿ ಗಂಟು ತಲೆಯ ಮೇಲಿಟ್ಟುಕೊಂಡು ನಿಂತಿದ್ದರಂತೆ. ಪಕ್ಕದವನೊಬ್ಬ ಮೂಗು ಹಿಡಿದು ‘ಕ್ಯಾ ಹೈ ಭಾಯಿ ಇಸ್ಮೆ?’ ಅಂದನಂತೆ. ‘ಸಸುರಾಲ್ ಕಾ ಹಿಸ್ಸಾ’, ಅತ್ತೆ ಮನೆಯ ಪಾಲು, ಅಂತ ಜೈಭೀಮ ಹೇಳಿದನಂತೆ. ಅಷ್ಟು ಮಾತನ್ನು ವಿಠಲ ಬಂದು ಹೇಳಿದ.

ನಿನ್ನ ಕಾಗದವನ್ನು ನಾನೇ ಗಟ್ಟಿಯಾಗಿ ಓದಿದ್ದೆ. ಮರೆಪ್ಪ ಎದ್ದು ನಿಂತ ಜಾಗಕ್ಕೆ ಬಂದಾಗ ಜೈಭೀಮ ಹೊರಗೆ ಹೋದ. ಡ್ರಮ್ಮಿನ ಪಕ್ಕದಲ್ಲಿ, ನೀವು ಕುಳಿತಿದ್ದಿರಲ್ಲ, ಅಲ್ಲಿಯೇ ಕುಳಿತ. ಬಹಳ ಹೊತ್ತಿನ ಮೇಲೆ ಒಳಗೆ ಬಂದು, ‘ಅತ್ತೀ, ಆ ಮರೆಪ್ಪಗ ವಯಸ್ಸೆಷ್ಟು?’ ಅಂತ ಕೇಳಿದ. ಯಾಕೆ ಅಂದೆ. ‘ನಮ್ಮಪ್ಪ ಇದ್ದಿದ್ರ ಅಷ್ಟ ಆಗ್ತಿತ್ತೇನೋ ಅಂತ’ ಅಂದ.

ಭಾನುವಾರ ಇಲ್ಲಿ ಭೀಮ ಜಯಂತಿ. ಓಣಿಯ ತುಂಬ ನೀಲಿ ಬಾವುಟ, ಬೆಳಗಿನಿಂದ ಬಾಯಿಗೆ ಬಾಯಿ ‘ಜೈಭೀಮ, ಜೈಭೀಮ’. ಭಾಗ್ಯಾ ಹೊರಗೆ ತಲೆ ಹಾಕಲಿಲ್ಲ ಪಾಪ, ನಮಸ್ಕಾರ ಅಂದು ಅಂದು ಸಾಕಾಗಿತ್ತು. ಅಡುಗೆ ಮಾತ್ರ ಅವಳದೇ. ಬಸುರಿ ಪಾಲನ್ನು ಬೇರೆ ಇಟ್ಟು ಮೊದಲು ಅವಳಿಗೆ ಉಣಿಸಿದೆ. ಎರಡು ಸಲ ಹಾಕಿಸಿಕೊಂಡಳು, ಗಂಟಲಲ್ಲಿ ಇಳಿಯಿತು.

ಆಮೇಲೆ ಜೈಭೀಮ, ಬಂದ ಪಾಲನ್ನು ನಾವಷ್ಟೇ ತಿನ್ನುವುದು ಬೇಡ ಅಂದ. ಮುತ್ತಲದ ಎಲೆ ಇಲ್ಲಿ ಎಲ್ಲಿ ಸಿಗಬೇಕು? ನಾನು ಕೂಡಿಟ್ಟಿದ್ದ ಭುಜಂಗಣ್ಣನ ಕ್ಯಾಲೆಂಡರು ಹರಿದು ಹಾಳೆ ಹಾಸಿದ. ಮುಗಿದ ವರ್ಷಗಳು ಕಡೆಗೂ ಉಪಯೋಗಕ್ಕೆ ಬಂದವು. ಹಾಳೆಗೊಂದು ಪಾಲು ಇಟ್ಟು, ಹೊಸ್ತಿಲ ಮೇಲೆ ನಿಂತು ಒಬ್ಬೊಬ್ಬರ ಹೆಸರು ಕೂಗಿದ. ಓಣಿಯವರಿಗೆ ಈ ಪದ್ಧತಿ ಹೊಸದು. ಆದರೂ ನಕ್ಕೋತ ಬಂದು ಓ ಅಂದು ಒಯ್ದರು.

ಕಡೆಯಲ್ಲಿ ಒಂದು ಹಾಳೆ ಉಳಿಯಿತು. ಯಾರದು ಅಂತ ನನಗೆ ತಿಳಿಯಲಿಲ್ಲ. ಜೈಭೀಮ ನನ್ನ ಕಡೆ ನೋಡಲಿಲ್ಲ, ರೈಲು ಹಳಿಯ ಕಡೆ ಮುಖ ಮಾಡಿ ಕೂಗಿದ: ‘ಮಹಾದೇವಪ್ಪ ಮಾವ!’

ಅಳಿಯ ಎತ್ತರದವನು. ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಾನೆ. ಹಿಡಿ ಉದ್ದವೇ ಇರಲಿ.

ಅವನು ಎರಡನೆಯ ಸಲ ಕೂಗುವ ತನಕ ನಾನು ಕಾಯಲಿಲ್ಲ ತಮ್ಮಾ. ಓ ಅಂದೆ.

ನಿನ್ನ ಅಕ್ಕ
ಸಾಬವ್ವ